ಚಹಾ ತರಲು ಹೋದ ಹೊತ್ತು

ಕಾಸಿಮಸಾಬ ಒಳ್ಳೆಯ ಮನುಷ್ಯ ಎಂದು ಸಾಧಿಸುವ ಉಮೇದು ನನಗಿಲ್ಲ. ನನ್ನ ಎಡಹುಬ್ಬಿನ ನಡುವೆ ಕೂದಲು ಬೆಳೆಯದ ಒಂದು ಜಾಗವಿದೆ. ಅದು ಅವನು ಎಸೆದ, ನಟ್ಟು ಬಿಗಿಯುವ ಪಾನಾ ಬಡಿದ ಜಾಗ. ಆಗ ನನಗೆ ಇಪ್ಪತ್ತು, ಅವನಿಗೆ ಇಪ್ಪತ್ತನಾಲ್ಕು. ಮೂರು ಹೊಲಿಗೆ ಬಿದ್ದವು. ಅವನು ತಪ್ಪಾಯಿತು ಅನ್ನಲಿಲ್ಲ. ನಾನೂ ಸುಮ್ಮನೆ ಬಿಡಲಿಲ್ಲ, ಮರುದಿನ ಊಟದ ಬಿಡುವಿನಲ್ಲಿ ಅವನ ಮೂಗು ಒಡೆದೆ. ಹಾಗೆ ಶುರುವಾದ ಗೆಳೆತನ ನಲವತ್ತು ವರ್ಷ ಬಾಳಿದೆ. ನನ್ನ ಹೆಸರು ದ್ಯಾಮಣ್ಣ. ನಾವಿಬ್ಬರೂ ಒಂದೇ ಕಸಬಿನವರು, ಲೇಥ್ ಮೇಲೆ ಕಬ್ಬಿಣ ಕೊಯ್ಯುವ ಟರ್ನರ್‌ಗಳು.

ಲೇಥ್ ನೋಡದವರಿಗೆ ಇಷ್ಟು ತಿಳಿದರೆ ಸಾಕು. ಕಬ್ಬಿಣದ ಸರಳನ್ನು ಮೂರು ಉಕ್ಕಿನ ದವಡೆಗಳಲ್ಲಿ ಕಚ್ಚಿ ಹಿಡಿದು ಗರಗರ ತಿರುಗಿಸುವ ಯಂತ್ರ ಅದು. ಆ ದವಡೆಗಳಿರುವ ಭಾಗಕ್ಕೆ ಚಕ್ ಎನ್ನುತ್ತೇವೆ. ತಿರುಗುವ ಸರಳಿಗೆ ಹರಿತವಾದ ಟೂಲ್ ತಾಗಿಸಿದರೆ ಕಬ್ಬಿಣ ಸಿಪ್ಪೆಯಂತೆ ಸುಲಿದು ಬರುತ್ತದೆ. ಸ್ವಿಚ್ ಬಂದ್ ಮಾಡಿದ ಮೇಲೂ ಚಕ್ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಅದು ತಾನಾಗಿ ನಿಲ್ಲುವ ತನಕ ಕಾಯುವ ಪುರುಸೊತ್ತು ನಮಗಿಲ್ಲ. ಅಂಗೈ ಒತ್ತಿ ನಿಲ್ಲಿಸುತ್ತೇವೆ. ತಪ್ಪೆಂದು ಎಲ್ಲರಿಗೂ ಗೊತ್ತು, ಎಲ್ಲರೂ ಮಾಡುತ್ತೇವೆ.

ಬೋಲ್ಟಿನ ಮೇಲಿರುವ ಸುರುಳಿ ಗೆರೆಗೆ ಥ್ರೆಡ್ ಎಂದು ಹೆಸರು. ಅದನ್ನು ಕೊಯ್ಯುವುದೇ ಈ ಕಸಬಿನ ದೊಡ್ಡ ವಿದ್ಯೆ. ಯಾವ ಥ್ರೆಡ್ಡಿಗೆ ಯಾವ ಗೇರುಗಳನ್ನು ಜೋಡಿಸಬೇಕೆಂದು ಗೊತ್ತಿದ್ದವನು ಉಸ್ತಾದ, ಗೊತ್ತಿಲ್ಲದವನು ಕೂಲಿಯವ. ನಮ್ಮ ಉಸ್ತಾದ ಅಬ್ದುಲಮಜೀದ ಆ ಜೋಡಣೆಯನ್ನು ಯಾರಿಗೂ ತೋರಿಸಿದವನಲ್ಲ. ಗೇರ್ ಹಾಕುವ ಹೊತ್ತು ಬಂತೆಂದರೆ ಕಿಟ್ಲಿಯನ್ನು ನಮ್ಮ ಕೈಗಿತ್ತು, "ಹೋಗ್, ಚಹಾ ತಗೊಂಡ್ ಬಾ" ಎನ್ನುತ್ತಿದ್ದ. ನಾವು ಗೋಕುಲ ರಸ್ತೆ ದಾಟಿ ಚಹಾ ತುಂಬಿಸಿಕೊಂಡು ಬರುವಷ್ಟರಲ್ಲಿ ಗೇರಿನ ಮೇಲೆ ಮುಚ್ಚಳ ಬಿದ್ದು ನಟ್ಟು ಬಿಗಿದಿರುತ್ತಿತ್ತು.

ಒಮ್ಮೆ ಕಾಸಿಮ ಚಹಾ ತರಲು ಹೋಗಲೇ ಇಲ್ಲ. ಬಾಗಿಲ ಹಿಂದೆ ನಿಂತು ಇಣುಕಿದ. ಉಸ್ತಾದ ಅವನ ಕುತ್ತಿಗೆ ಹಿಡಿದು ಎಳೆದು ತಂದ. ಆಗಷ್ಟೇ ಟೂಲಿನಿಂದ ಉದುರಿದ ಬಿಸಿ ಕಬ್ಬಿಣದ ಸುರುಳಿಗಳನ್ನು ಅವನ ಬಲ ಅಂಗೈಯಲ್ಲಿ ಹಾಕಿ ಮುಷ್ಟಿ ಮುಚ್ಚಿಸಿ ಹಿಡಿದುಕೊಂಡ. ಸುಟ್ಟ ಚರ್ಮದ ವಾಸನೆ ಇಡೀ ಶೆಡ್ಡಿಗೆ ಹರಡಿತು. ಕಾಸಿಮ ಕೂಗಲಿಲ್ಲ. ಅವನ ಕಣ್ಣು ಮುಚ್ಚಳ ಹಾಕದ ಗೇರುಗಳ ಮೇಲೆಯೇ ಇತ್ತು. ಆ ನೋವಿನಲ್ಲೂ ಅವನು ಗೇರಿನ ಹಲ್ಲು ಎಣಿಸುತ್ತಿದ್ದ ಎಂದು ಆಮೇಲೆ ನನಗೆ ಹೇಳಿದ. ಕಸಬನ್ನು ಹಾಗೆ ದಕ್ಕಿಸಿಕೊಂಡವನು ತಾನು ಉಸ್ತಾದ ಆದಾಗ ಬೇರೆ ರೀತಿ ನಡೆದುಕೊಳ್ಳಬಹುದಿತ್ತು. ನಡೆದುಕೊಳ್ಳಲಿಲ್ಲ. ಅದೇ ಕಿಟ್ಲಿ, ಅದೇ ಮುಚ್ಚಳ, ಅದೇ ಪಾನಾ. ಇದನ್ನು ನಾನು ಅವನಿಗೆ ಇವತ್ತಿಗೂ ಮಾಫು ಮಾಡಿಲ್ಲ.

ಅವನ ಎಡಗೈಯಲ್ಲಿ ಎರಡು ಬೆರಳಿಲ್ಲ. ಅವು ಹೋದದ್ದು ಗೋವಿಂದಪ್ಪನ ಶೆಡ್ಡಿನಲ್ಲಿ, ಹತ್ತೊಂಬತ್ತು ವರ್ಷದ ಹಿಂದೆ. ಸ್ವಿಚ್ ಕೆಟ್ಟಿತ್ತು, ಬಂದ್ ಮಾಡಿದ ಯಂತ್ರ ತಾನಾಗಿ ಚಾಲೂ ಆಗಿ ಬೆರಳು ತಿಂದಿತು ಎಂದು ಕಾಸಿಮಸಾಬ ಹೇಳಿದ. ಸ್ವಿಚ್ಚು ನೋಡಿದೆವು, ಚೂರುಚೂರಾಗಿತ್ತು. ರಕ್ತ ಸುರಿಯುವ ಕೈಗೆ ಅರಿವೆ ಸುತ್ತಿಕೊಂಡೇ ಅವನು ಮಾಲಕನ ಕೋಣೆಗೆ ನುಗ್ಗಿ, ಇನ್ನೊಂದು ಕೈಯಿಂದ ಗೋವಿಂದಪ್ಪನ ಬಾಯಿಗೆ ಗುದ್ದಿ ಮುಂದಿನ ಎರಡು ಹಲ್ಲು ಉದುರಿಸಿದ. "ಎರಡಕ್ಕ ಎರಡು" ಎಂದು ಹೊರಗೆ ಬಂದ. ಅವತ್ತು ನಾವೆಲ್ಲ ಅವನನ್ನು ಹೆಗಲ ಮೇಲೆ ಹೊರುವುದೊಂದು ಬಾಕಿ. ಆದರೆ ಅಲ್ಲಿಂದ ಮುಂದೆ ಯಾವ ಶೆಡ್ಡಿನವರೂ ಅವನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಹಳೇಹುಬ್ಬಳ್ಳಿಯ ಮನೆಯ ಪಡಸಾಲೆಯಲ್ಲೇ ಹಳೆಯದೊಂದು ಸಣ್ಣ ಲೇಥ್ ಹಾಕಿಕೊಂಡ.

ಮಗಳು ಹುಸ್ನಾ ಆ ಲೇಥಿನ ಸದ್ದಿನಲ್ಲೇ ಬೆಳೆದಳು. ಒಬ್ಬಳೇ ಮಗಳು. ಈಗ ಅವಳಿಗೆ ಇಪ್ಪತ್ತಾರು. ಡಿಪ್ಲೊಮಾ ಮುಗಿಸಿ ಬಂದವಳು, ಎಲ್ಲಿಯೂ ನೌಕರಿ ಬೇಡ, ಇದೇ ಲೇಥನ್ನು ಕಂಪ್ಯೂಟರಿನಿಂದ ನಡೆಸುತ್ತೇನೆ ಎಂದಳು. ಸಣ್ಣ ಮೋಟರುಗಳನ್ನು ತಂದು ಜೋಡಿಸಿದಳು, ಮನೆಯ ಕಂಪ್ಯೂಟರಿಗೆ ವಾಯರು ಎಳೆದಳು. ಅಪ್ಪ ಅವಳಿಗೆ ಏನನ್ನೂ ಕಲಿಸಿದವನಲ್ಲ. ಗೇರ್ ಹಾಕುವಾಗ ಅವಳನ್ನೂ ಚಹಾಕ್ಕೆ ಅಟ್ಟಿದವನೇ. ಅವಳಿಗೆ ಬಂದದ್ದೆಲ್ಲ ಅಡುಗೆಮನೆಯ ಬಾಗಿಲಲ್ಲಿ ನಿಂತು ಕದ್ದು ನೋಡಿದ್ದು. ಅಪ್ಪನ ಕೈ ಹೇಗೆ ಹೋಗುತ್ತದೋ ಹಾಗೆಯೇ ಅವಳ ಕೈ.

ಆ ಕಂಪ್ಯೂಟರನ್ನು ನಡೆಸುತ್ತಿದ್ದ ಸಿಸ್ಟಮ್ ದುಡ್ಡು ಕೊಡದೆ ತಂದ ಕಳ್ಳ ಪ್ರತಿ. ದುರ್ಗದಬೈಲಿನ ಹಿಂದಿನ ಓಣಿಯಿಂದ ಪರಿಚಯದವನೊಬ್ಬನನ್ನು ಕರೆತಂದು ಕಾಸಿಮಸಾಬನೇ ಹಾಕಿಸಿದ್ದ. ಇದು ಬೇಡ, ಲಿನಕ್ಸ್ ಎಂಬ ಬೇರೆ ಸಿಸ್ಟಮ್ ಹಾಕೋಣ ಎಂದು ಹುಸ್ನಾ ಆಗಲೇ ಹೇಳಿದ್ದಳು. ನಾನೂ ಅಲ್ಲಿದ್ದೆ. ಮನೆಯಲ್ಲಿ ಅವರು ಉರ್ದು ಆಡುತ್ತಾರೆ, ನಾನಿದ್ದರೆ ಕನ್ನಡಕ್ಕೆ ಹೊರಳುತ್ತಾರೆ.

"ಅದು ಪುಕ್ಕಟೆ ಸಿಗತೈತ್ರಿ ಅಬ್ಬಾ. ಲೇಥ್ ನಡಸಾಕಂತನ ಮಾಡಿದ್ದೂ ಐತಿ. ಹೇಳಿದ ಗಳಿಗಿಗೆ ಹೇಳಿದ ಕೆಲಸ ಮಾಡತೈತಿ, ನಡಕ ಮಂಕ ಆಗೂದಿಲ್ಲ."

"ಪುಕ್ಕಟೆ ಕೊಡಾವ್ರು ಒಳಗ ಏನರ ಮುಚ್ಚಿಟ್ಟಿರ್ತಾರ."

"ಮುಚ್ಚಿಡಾಕ ಬರೂದಿಲ್ರಿ ಅದರಾಗ. ಮಾಡಿದವ್ರು ಎಲ್ಲಾ ಬಿಚ್ಚಿಟ್ಟಾರ. ಯಾರು ಬೇಕಾದ್ರೂ ನೋಡಬಹುದು, ತಪ್ಪಿದ್ರ ತಿದ್ದಬಹುದು."

ಕಾಸಿಮಸಾಬ ನನ್ನ ಕಡೆ ತಿರುಗಿ ನಕ್ಕ. "ಕೇಳಿದೇನೋ ದ್ಯಾಮಣ್ಣ? ಕಸಬು ಬಿಚ್ಚಿಟ್ಟ ಮ್ಯಾಲ ಅವರನ್ನ ಯಾರು ಕೇಳ್ತಾರೋ ಮಾರಾಯ? ಹುಚ್ಚರು ಅದಾರ."

ಮಾತು ಅಲ್ಲಿಗೇ ನಿಂತಿತು.

ಹೋದ ವರ್ಷ ಮಾರ್ಚಿನ ಒಂದು ಗುರುವಾರ ಮಧ್ಯಾಹ್ನ ಹುಸ್ನಾ ಪಂಪಿನ ಬೋಲ್ಟು ಕೊಯ್ಯುತ್ತಿದ್ದಳು. ಪರದೆಯ ಮೂಲೆಯಲ್ಲಿ ಯಾವುದೋ ಹಾಳು ಜಾಹೀರಾತು ತೆರೆದುಕೊಂಡಿತು. ಎರಡೇ ಸೆಕೆಂಡು ಕಂಪ್ಯೂಟರ್ ಮಂಕಾಯಿತು. ಚಕ್ ತಿರುಗುತ್ತಲೇ ಇತ್ತು, ಟೂಲ್ ನಿಂತಲ್ಲೇ ನಿಂತಿತು. ಮತ್ತೆ ಜೀವ ಬಂದಾಗ ಅದು ಹಿಂದೆ ಬಿದ್ದ ದೂರವನ್ನು ಒಂದೇ ನೆಗೆತಕ್ಕೆ ದಾಟಲು ಹೋಗಿ ಕಬ್ಬಿಣದೊಳಗೆ ಹೊಕ್ಕು ಸಿಡಿಯಿತು. ಅಕ್ಕಿ ಆರಿಸುತ್ತ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತಿದ್ದ ಹುಸ್ನಾಳ ತಾಯಿ ತಾಜಬಿಯ ಬಲಗಣ್ಣಿಗೆ ಒಂದು ಚೂರು ನೆಟ್ಟಿತು. ಆ ಕೂಗು ಎರಡು ಮನೆಯಾಚೆ ಇದ್ದ ನನಗೆ ಕೇಳಿತು. ನಾನು ಹೋದಾಗ ಮೊರದ ಅಕ್ಕಿಯೆಲ್ಲ ಕೆಂಪಾಗಿತ್ತು.

ಆಸ್ಪತ್ರೆಯಲ್ಲಿ ಆ ಕಣ್ಣನ್ನು ತೆಗೆದುಹಾಕಿದರು. ನಾಲ್ಕನೆಯ ದಿನ ಮನೆಗೆ ಕರೆತಂದೆವು. ಹೆಂಡತಿಯನ್ನು ಹಾಸಿಗೆಯ ಮೇಲೆ ಮಲಗಿಸಿ ಕಾಸಿಮಸಾಬ ಪಡಸಾಲೆಗೆ ಬಂದ. ಎರಡು ಕಿಲೋದ ಸುತ್ತಿಗೆ ತೆಗೆದುಕೊಂಡ. ಒಂದೇ ಏಟಿಗೆ ಕಂಪ್ಯೂಟರಿನ ಪರದೆ ಪುಡಿಯಾಯಿತು. ಎರಡನೆಯ ಏಟಿಗೆ ಮೇಜು ಮುರಿಯಿತು. ಕೆಳಗಿದ್ದ ಕಂಪ್ಯೂಟರಿನ ಡಬ್ಬಿಗೆ ಸುತ್ತಿಗೆ ಎತ್ತಿದಾಗ ಹುಸ್ನಾ ಅದರ ಮೇಲೆ ಬೋರಲು ಬಿದ್ದಳು. ಅವನು ಅವಳ ಜಡೆ ಹಿಡಿದು ಎಬ್ಬಿಸಿ ಕಪಾಳಕ್ಕೆ ಬಾರಿಸಿದ. ಅವಳ ತುಟಿ ಸೀಳಿತು. ಇನ್ನೊಂದು ಏಟು ಬೀಳುವ ಮೊದಲು ನಾನು ಅವನ ಕೊರಳಿಗೆ ಕೈ ಹಾಕಿ ಗೋಡೆಗೆ ಒತ್ತಿದೆ. ಅವನ ಮೊಣಕೈ ನನ್ನ ಪಕ್ಕೆಗೆ ಬಡಿಯಿತು. ಇಬ್ಬರು ಅರವತ್ತರ ಮುದುಕರು ಗಾಜಿನ ಚೂರುಗಳ ಮೇಲೆ ಹೊರಳಾಡಿದೆವು. ಕೂದಲು ಬೆಳ್ಳಗಾದವು, ಬುದ್ಧಿ ಬರಲಿಲ್ಲ.

ಹುಸ್ನಾ ಅಳಲಿಲ್ಲ. ಬಾಯಿಯ ರಕ್ತವನ್ನು ಓಢಣಿಯಿಂದ ಒರೆಸಿಕೊಂಡಳು.

"ಮಿಷನ್ ಒಡದ್ರ ಅಮ್ಮೀ ಕಣ್ಣು ಬರತೈತೇನು? ಕಳವಿನ ಸಿಸ್ಟಮ್ ತಂದು ಹಾಕಿಸಿದವ್ರು ಯಾರ್ರಿ ಅಬ್ಬಾ? ನಾ ಬ್ಯಾಡ ಅಂದಿದ್ದಿಲ್ಲೇನು?"

ಆ ಮಾತು ಸುತ್ತಿಗೆಗಿಂತ ಜೋರಾಗಿ ಬಿತ್ತು. ಅವನು ಬಿದ್ದಿದ್ದ ಸುತ್ತಿಗೆಯನ್ನು ಮತ್ತೆ ಎತ್ತಿಕೊಂಡು ಹೇಳಿದ. "ಹಾಕು ನಿನ್ನ ಪುಕ್ಕಟೆ ಸಿಸ್ಟಮ್. ಒಂದ ಬೋಲ್ಟ್ ಕೊಯ್ದು ತೋರಸು. ನಾ ಬಾಜೂಕ ಕುಂದರ್ತೇನಿ. ನಡಕ ಒಂದ ಸಲ ಮಂಕಾತಂದ್ರ ಎಲ್ಲಾ ಒಡದ ಹಾಕ್ತೇನಿ. ನೀ ಕಬ್ಬಿಣ ಮುಟ್ಟೂದು ಅಲ್ಲಿಗೆ ಮುಗೀತು."

"ಆತ್ರಿ" ಎಂದಳು ಹುಸ್ನಾ. ಕಸಬು ಬಿಟ್ಟರೆ ಅವಳಿಗೆ ಬೇರೆ ಏನೂ ಬೇಕಿರಲಿಲ್ಲ. ಅದು ನನಗೂ ಗೊತ್ತು, ಅವನಿಗೂ ಗೊತ್ತಿತ್ತು.

ಧಾರವಾಡದ ಗೆಳತಿಯೊಬ್ಬಳಿಂದ ಲಿನಕ್ಸ್ ತುಂಬಿದ ಪೆನ್‌ಡ್ರೈವ್ ತಂದಳು. ನಾನು ನನ್ನ ಮನೆಯ ಹಳೆಯ ಪರದೆ ಕೊಟ್ಟೆ. ಇರುವುದನ್ನೆಲ್ಲ ಅಳಿಸಿ ಹೊಸದಾಗಿ ಹಾಕಲೇ ಎಂದು ಕಂಪ್ಯೂಟರ್ ಕೇಳಿತು. ಹುಸ್ನಾ ಅದನ್ನು ಜೋರಾಗಿ ಓದಿ ಗುಂಡಿ ಒತ್ತುವವಳಿದ್ದಳು, ಒಳಗಿನಿಂದ ತಾಜಬಿ ಕೂಗಿದಳು.

"ತಡಿ ಬೇಟಾ. ನನ್ನ ಎರಡೂ ಕಣ್ಣ ಇದ್ದಾಗಿನ ಫೋಟೋ ಅದಾವ ಅದರಾಗ. ಅವನ್ನ ತಕ್ಕೊಂಡ ಆಮ್ಯಾಲ ಅಳಸು."

ಹುಸ್ನಾ ಫೋಟೋಗಳನ್ನು ಬೇರೆ ಕಡೆ ತೆಗೆದಿಟ್ಟುಕೊಂಡಳು. ಆಗ ಮಾತ್ರ ಅವಳ ಕಣ್ಣಲ್ಲಿ ನೀರು ಬಂತು. ಕಾಸಿಮಸಾಬ ಎದ್ದು ಹಿತ್ತಲಿಗೆ ಹೋಗಿ ಗೋಡೆಗೆ ತಲೆ ಚಚ್ಚಿಕೊಂಡ. ಚಚ್ಚಿಕೊಳ್ಳಲಿ ಎಂದು ನಾನು ಸುಮ್ಮನೆ ಬಿಟ್ಟೆ.

ಹೊಸ ಸಿಸ್ಟಮ್ ಕುಳಿತ ಮೇಲೆ ಮೂರು ದಿನ ಅವಳು ಲೇಥಿಗೆ ಕರೆಂಟನ್ನೇ ಕೊಡಲಿಲ್ಲ. ಕಂಪ್ಯೂಟರಿಗೆ ಕಾಟ ಕೊಟ್ಟಳು. ಒಂದೇ ಸಲಕ್ಕೆ ಹತ್ತು ಕಿಟಕಿ ತೆರೆದಳು, ಹಾಡು ಹಾಕಿದಳು, ಸಿನಿಮಾ ಹಾಕಿದಳು. ಅದರ ನಡುವೆಯೂ ಲೇಥಿಗೆ ಹೋಗುವ ಹುಕುಮು ಒಂದು ಎಳೆಯಷ್ಟೂ ತಡವಾಗುತ್ತಿರಲಿಲ್ಲ. ಕಾಸಿಮಸಾಬ ಮೇಜಿನ ಮೇಲೆ ಸುತ್ತಿಗೆ ಕುಟ್ಟಿ ಅದನ್ನು ಬೆದರಿಸಲು ನೋಡಿದ. ಪಾಪ, ಅಷ್ಟೇ ಅವನಿಗೆ ಗೊತ್ತಿದ್ದ ಪರೀಕ್ಷೆ. ಅದು ಬೆದರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಬೋಲ್ಟು ಕೊಯ್ಯಲು ಕುಳಿತರು. ತಾಜಬಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ದೂರದ ಮೂಲೆಯಲ್ಲಿ ಕುಳಿತಳು. ಕಾಸಿಮಸಾಬ ಲೇಥಿನಿಂದ ಎರಡು ಮಾರು ದೂರ ಕುರ್ಚಿ ಹಾಕಿಕೊಂಡು ತೊಡೆಯ ಮೇಲೆ ಸುತ್ತಿಗೆ ಇಟ್ಟುಕೊಂಡ.

"ಗೇರ್ ಎಲ್ಲಿ?" ಎಂದು ಕೇಳಿದ.

"ಗೇರ್ ಬ್ಯಾಡ್ರಿ ಅಬ್ಬಾ. ಥ್ರೆಡ್ ಎಷ್ಟು ಬೇಕು ಅಂತ ಬರದ್ರ ಸಾಕು." ಅವಳು ಒಂದು ಅಂಕಿ ಒತ್ತಿದಳು. "ಆತು."

ಸುಟ್ಟ ಅಂಗೈಯ ಆ ಲೆಕ್ಕ, ನಲವತ್ತು ವರ್ಷ ಮುಚ್ಚಳದ ಕೆಳಗಿಟ್ಟು ಕಾಪಾಡಿದ ವಿದ್ಯೆ, ಒಂದು ಅಂಕಿಯಲ್ಲಿ ಮುಗಿದುಹೋಯಿತು. ಕಾಸಿಮಸಾಬನ ಮುಖ ಬಿಳಿಚಿತು. ಸುತ್ತಿಗೆಯ ಹಿಡಿಯ ಮೇಲೆ ಅವನ ಬೆರಳು ಬಿಗಿಯಾದವು. ಕಂಪ್ಯೂಟರ್ ಮಂಕಾಗಲಿ ಎಂದು ಅವನು ಅಲ್ಲಾನನ್ನು ಬೇಡುತ್ತಿದ್ದನೋ ಏನೋ. ನನಗೆ ಹಾಗೆಯೇ ಕಂಡಿತು, ಮೈ ಉರಿಯಿತು.

ಚಕ್ ತಿರುಗಿತು. ಟೂಲ್ ಬಂದು ತಾಗಿತು, ಗೆರೆ ಎಳೆಯಿತು, ಹಿಂದೆ ಸರಿದು ಮತ್ತೆ ಅದೇ ಗೆರೆಯಲ್ಲಿ ಇಳಿಯಿತು. ಎಂಟು ಸುತ್ತು. ಒಂದು ಸಲವೂ ತಡವರಿಸಲಿಲ್ಲ. ಚಕ್ ನಿಧಾನವಾಗತೊಡಗಿತು. ಥ್ರೆಡ್ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಗೆದ್ದೆ ಎಂಬ ಖುಷಿಯಲ್ಲಿ ಹುಸ್ನಾ ತಾಯಿಯ ಕಡೆ ನೋಡಿ ನಕ್ಕಳು, ನಗುತ್ತಲೇ ಅಂಗೈಯನ್ನು ಚಕ್ಕಿನ ಮೇಲೆ ಒತ್ತಲು ಚಾಚಿದಳು. ಅಪ್ಪ ಒತ್ತುತ್ತಿದ್ದ ಹಾಗೆಯೇ.

ಸುತ್ತಿಗೆ ನನ್ನ ಕಿವಿಯ ಪಕ್ಕದಿಂದ ಹಾರಿತು.

ಅವಳ ಮುಂಗೈಗೆ ಬಡಿದು ಎಲುಬು ಮುರಿದ ಸದ್ದು ಸ್ಪಷ್ಟವಾಗಿ ಕೇಳಿತು. ಅವಳು ಚೀರಿ ಹಿಂದಕ್ಕೆ ಬಿದ್ದಳು. ನಾನು ಕಾಸಿಮಸಾಬನ ಮೇಲೆ ಹಾರಿ ಅವನ ಬಾಯಿಗೆ ಗುದ್ದಿದೆ, ಕೊಲ್ಲಬೇಕೆಂದೇ ಗುದ್ದಿದೆ. ಅವನು ಕೈ ಎತ್ತಲಿಲ್ಲ. ಲೇಥಿನ ಕಡೆ ಬೆರಳು ತೋರಿಸಿದ.

ಚಕ್ ತಾನಾಗಿ ಪೂರಾ ವೇಗದಲ್ಲಿ ಮತ್ತೆ ತಿರುಗತೊಡಗಿತ್ತು. ಕೊನೆಯ ಸುತ್ತಿನ ಮೊದಲು ಥ್ರೆಡ್ ನೋಡಿಕೊಳ್ಳಲೆಂದು ಹತ್ತು ಸೆಕೆಂಡಿನ ಬಿಡುವನ್ನು ಹುಸ್ನಾ ತಾನೇ ಬರೆದಿಟ್ಟಿದ್ದಳು, ಖುಷಿಯಲ್ಲಿ ಮರೆತಿದ್ದಳು. ಕಂಪ್ಯೂಟರ್ ಮರೆತಿರಲಿಲ್ಲ. ಹೇಳಿದ ಗಳಿಗೆಗೆ ಹೇಳಿದ ಕೆಲಸ. ಒಂಬತ್ತನೆಯ ಸುತ್ತು ಕೊಯ್ದು ಮುಗಿಸಿ ಅದು ನಿಂತಿತು. ಅಲ್ಲಿಯವರೆಗೆ ನಾವು ನಾಲ್ವರೂ ಅದನ್ನೇ ನೋಡುತ್ತಿದ್ದೆವು. ಆ ದವಡೆಗಳ ನಡುವೆ ಹುಸ್ನಾಳ ಕೈ ಇದ್ದಿದ್ದರೆ ಏನಾಗುತ್ತಿತ್ತು ಎಂದು ಯಾರೂ ಯಾರಿಗೂ ಹೇಳಬೇಕಿರಲಿಲ್ಲ.

"ಕೈ ಯಾಕ ಇಟ್ಟಿ?" ಕಾಸಿಮಸಾಬನ ಬಾಯಿಂದ ರಕ್ತ ಇಳಿಯುತ್ತಿತ್ತು. "ಯಾಕ ಇಟ್ಟಿ ಬೇಟಾ?"

"ನೀವೂ ಇಡ್ತೀರಲ್ರಿ." ಅವಳು ಮುರಿದ ಕೈಯನ್ನು ಎದೆಗೆ ಅವಚಿಕೊಂಡಿದ್ದಳು. "ಸ್ವಿಚ್ ಕೆಟ್ಟಿದ್ದಕ್ಕ ನಿಮ್ಮ ಬೆರಳ ಹೋದೂ ಅಂದಿದ್ರಿ. ಇದು ಕೆಡೂದಿಲ್ಲ ಅಂತ..."

ಅವನು ನೆಲದ ಮೇಲೆ ಕುಸಿದು ಕುಳಿತ. ಅವತ್ತು, ಹದಿನೆಂಟು ವರ್ಷದ ಮೇಲೆ, ನಿಜ ಹೇಳಿದ. "ಸ್ವಿಚ್ ಛಲೋನ ಇತ್ತು. ನಾನ ಬಂದ್ ಮಾಡಿದ್ದೆ. ಅಂಗೈ ಒತ್ತಿದೆ, ಕೈಗೆ ಹಾಕಿದ್ದ ಗ್ಲೌಸ್ ದವಡಿಗೆ ಸಿಕ್ತು, ಬೆರಳ ಎಳಕೊಂಡು ಹೋತು. ಉಸ್ತಾದ ಅನಿಸಿಕೊಂಡಾವ, ಹೆಂಗ ಹೇಳ್ಲಿ? ಪಾನಾದ್ಲೆ ಸ್ವಿಚ್ ಕುಟ್ಟಿ ಪುಡಿ ಮಾಡಿದೆ. ಆಮ್ಯಾಲ ಗೋವಿಂದಪ್ಪನ ಹಲ್ಲ ಮುರದೆ."

ನಾವು ಹೆಗಲ ಮೇಲೆ ಹೊರಲು ಹೋದ ಗಂಡಸುತನದ ಬಂಡವಾಳ ಇದು. ನನಗೆ ಹೇಸಿಗೆಯಾಯಿತು. ತಾಜಬಿ ಗೋಡೆ ಹಿಡಿದುಕೊಂಡು ಎದ್ದು ಬಂದಳು. ಮೂವತ್ತು ವರ್ಷದಲ್ಲಿ ಗಂಡನಿಗೆ ಎದುರು ಮಾತಾಡದ ಹೆಂಗಸು. ಕಿಟ್ಲಿ ಕೈಗೆ ಸಿಕ್ಕಿತು. ಅದನ್ನೆತ್ತಿ ಅವನ ನೆತ್ತಿಗೆ ಬೀಸಿ ಹೊಡೆದಳು.

"ನಿಮ್ಮ ಎರಡು ಬೆರಳಿನ ಸುಳ್ಳು ನನ್ನ ಮಗಳ ಕೈ ತಿಂತಿತ್ತು" ಎಂದಳು. ಮತ್ತೊಮ್ಮೆ ಹೊಡೆದಳು. ನಾನು ತಡೆಯಲಿಲ್ಲ. ಹುಸ್ನಾಳನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟೆ. ಕಿಟ್ಲಿಯ ಆ ತಗ್ಗು ಇನ್ನೂ ಹಾಗೆಯೇ ಇದೆ.

ಮರುವಾರ ಕಾಸಿಮಸಾಬ ನನ್ನನ್ನು ಜೊತೆ ಮಾಡಿಕೊಂಡು ಗೋವಿಂದಪ್ಪನ ಮನೆಗೆ ಹೋದ. ಮುದುಕ ಕಟ್ಟಿದ ಹಲ್ಲಿನಲ್ಲಿ ಅವಲಕ್ಕಿ ತಿನ್ನುತ್ತಿದ್ದ. ಇವನು ನಿಂತೇ ಎಲ್ಲವನ್ನೂ ಒಪ್ಪಿಕೊಂಡ. ಗೋವಿಂದಪ್ಪ ತಟ್ಟೆ ಬದಿಗಿಟ್ಟು, ಕಾಲಲ್ಲಿದ್ದ ಚಪ್ಪಲಿ ತೆಗೆದು ಅವನ ಮುಖಕ್ಕೆ ಬಾರಿಸಿದ. ಎರಡು ಏಟಿಗೆ ಕಾಸಿಮಸಾಬ ಮುಖ ಕೊಟ್ಟ. ಮೂರನೆಯದಕ್ಕೆ ಕೈ ಹಿಡಿದ.

"ಎರಡ ಹಲ್ಲಿಗೆ ಎರಡ ಆದೂ, ಗೋವಿಂದಪ್ಪನವ್ರ. ಸಾಕ್ರಿ."

ಗೋವಿಂದಪ್ಪ ಏದುಸಿರು ಬಿಡುತ್ತ ಕುಳಿತ. ಆಮೇಲೆ ಒಳಗೆ ತಿರುಗಿ, ಇವರಿಗೂ ಅವಲಕ್ಕಿ ತರ್ರಿ ಎಂದ. ತಿಂದು ಬಂದೆವು.

ಹುಸ್ನಾಳ ಕೈಗೆ ಆರು ವಾರ ಪ್ಲಾಸ್ಟರ್ ಇತ್ತು. ಆ ಆರು ವಾರ ಅವಳ ಕೈಯಾಗಿ ನಡೆದವನು ಕಾಸಿಮಸಾಬ. ಅವಳು ಹೇಳಿದಂತೆ ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಒತ್ತುತ್ತಿದ್ದ. ಅವಳು ಕೇಳದಿದ್ದರೂ ತನ್ನದನ್ನು ಬಿಚ್ಚಿದ. ಉಕ್ಕು ಕೊಯ್ಯುವಾಗ ಟೂಲಿನ ಮೂತಿ ಎಷ್ಟು ಓರೆ ಇರಬೇಕು, ಯಾವ ಸದ್ದು ಬಂದರೆ ಟೂಲ್ ಸಿಡಿಯುತ್ತದೆ, ಎಲ್ಲವನ್ನೂ. ಕಂಪ್ಯೂಟರಿಗೆ ಗೊತ್ತಿಲ್ಲದ್ದು ಬಹಳ ಇತ್ತು. ಲೇಥಿನ ಚಕ್ಕಿಗೆ ತಗಡಿನ ಗೂಡು ಮಾಡಿ, ಅದು ತೆರೆದರೆ ಕರೆಂಟು ಹೋಗುವಂತೆ ಅಪ್ಪ ಮಗಳು ಕೂಡಿ ವಾಯರು ಜೋಡಿಸಿದರು. ಅವನ ಸಿಟ್ಟೇನೂ ಹೋಗಿಲ್ಲ. ಮೊನ್ನೆ ನನ್ನ ಮೇಲೆ ಲೋಟ ಎಸೆದ. ಆದರೆ ಸುತ್ತಿಗೆ ಈಗ ಆ ಪಡಸಾಲೆಯಲ್ಲಿಲ್ಲ, ನನ್ನ ಮನೆಯಲ್ಲಿದೆ.

ಪ್ಲಾಸ್ಟರ್ ತೆಗೆದ ಮರುದಿನ ನಾನು ಅಲ್ಲಿಗೆ ಹೋಗಿದ್ದೆ. ಹುಸ್ನಾ ಬಡಕಲಾದ ಆ ಕೈಯಿಂದಲೇ ಹೊಸ ಬಗೆಯ ಥ್ರೆಡ್ಡಿಗೆ ಪ್ರೋಗ್ರಾಮ್ ಬರೆಯಲು ಕುಳಿತಳು. ತಾನೇ ಹುಡುಕಿಕೊಂಡ ಉಪಾಯ, ಅಪ್ಪನಿಗೂ ಗೊತ್ತಿಲ್ಲದ್ದು. ಅವಳು ಕೀಲಿಮಣೆಯ ಮೇಲೆ ಬೆರಳಿಡುತ್ತಲೇ ಕಾಸಿಮಸಾಬ ಸದ್ದಿಲ್ಲದೆ ಎದ್ದ. ತಗ್ಗು ಬಿದ್ದ ಕಿಟ್ಲಿಯನ್ನು ತಾನೇ ಕೈಗೆತ್ತಿಕೊಂಡು ಬಾಗಿಲ ಕಡೆ ಹೊರಟ.

"ಎಲ್ಲಿಗ್ರಿ ಅಬ್ಬಾ?"

"ಚಹಾ ತರ್ತೇನಿ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಉಸ್ತಾದ ಕೆಲಸಕ್ಕೆ ಕುಳಿತಾಗ ಉಳಿದವರು ಹೊರಗೆ ಹೋಗಬೇಕು. ಅವನಿಗೆ ಗೊತ್ತಿದ್ದ ಮರ್ಯಾದೆ ಅದೊಂದೇ.

ಹುಸ್ನಾ ಕಾಲಿನಿಂದ ಪಕ್ಕದ ಸ್ಟೂಲನ್ನು ತನ್ನ ಕಡೆ ಎಳೆದುಕೊಂಡಳು.

"ಚಹಾ ಆಮ್ಯಾಲ ಕುಡಿಯೋಣು. ಬರ್ರಿ, ಇಲ್ಲೆ ಕುಂದರ್ರಿ. ನೋಡ್ರಿ."

ಅವನು ಕಿಟ್ಲಿ ಹಿಡಿದುಕೊಂಡೇ ಬಂದು ಅವಳ ಪಕ್ಕದಲ್ಲಿ ಕುಳಿತ. ಅವಳು ಬರೆದು ಮುಗಿಸುವ ತನಕ ನೋಡಿದ.